ಕೆಲಸ ಕೊಡಿಸುವ ಕಚೇರಿಗೆ ಅಂಕ ಕೊಡುವವರು ಯಾರು?

ಉದ್ಯೋಗ ವಿನಿಮಯ ಕೇಂದ್ರ ಎಂದೊಡನೆ ನಮ್ಮಲ್ಲಿ ಒಂದು ತಲೆಮಾರಿನವರಿಗೆ ನೆನಪಾಗುವುದು ಉದ್ದನೆಯ ಸಾಲು, ನೋಂದಣಿ ಚೀಟಿ ಮತ್ತು ಬಾರದೇ ಹೋದ ಸಂದರ್ಶನದ ಪತ್ರ. ಹೆಸರು ಬರೆಸಿದವರ ಲೆಕ್ಕ ಇರುತ್ತಿತ್ತು. ಆದರೆ ಕಚೇರಿಯ ಸೇವೆ ಚೆನ್ನಾಗಿತ್ತೇ ಎಂದು ಅಳೆಯುವುದು ಹೇಗೆ?

ಈ ಪ್ರಶ್ನೆ ನಮ್ಮೊಬ್ಬರದಲ್ಲ. ಬ್ರಿಟನ್ನಿನಲ್ಲಿ ಇಂಥ ಸರ್ಕಾರಿ ಕೇಂದ್ರಗಳು 1909ರ ಕಾಯಿದೆಯ ಮೇರೆಗೆ 1910ರ ಫೆಬ್ರವರಿ 1ರಂದು ಬಾಗಿಲು ತೆರೆದವು. ಚರ್ಚಿಲ್ ಆಗ ವಾಣಿಜ್ಯ ಮಂಡಳಿಯ ಅಧ್ಯಕ್ಷರು. ಯೋಜನೆಗೆ ರೂಪ ಕೊಟ್ಟವರಲ್ಲಿ ವಿಲಿಯಂ ಬೆವರಿಜ್ ಪ್ರಮುಖರು. ಕಾರ್ಖಾನೆಯಿಂದ ಕಾರ್ಖಾನೆಗೆ ಕೆಲಸ ಕೇಳುತ್ತ ಅಲೆಯುವುದು ತಪ್ಪಲಿ ಎಂಬುದು ಉದ್ದೇಶ. ಭಾರತದಲ್ಲಿ ಇವುಗಳ ಜಾಲ ಬೆಳೆದದ್ದು 1945ರಲ್ಲಿ, ಮಹಾಯುದ್ಧದ ಸೇವೆಯಿಂದ ಬಿಡುಗಡೆಯಾದ ಸೈನಿಕರಿಗಾಗಿ. 1948ರಲ್ಲಿ ಅದು ಎಲ್ಲರಿಗೂ ತೆರೆಯಿತು. ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು, ಕನ್ನಡಿಗರ ಏಕೀಕೃತ ರಾಜ್ಯ ಉದಯಿಸಿದ ದಿನವೇ. 1959ರ ಕಾಯಿದೆ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕೆಂದಿತು. ಕೇಂದ್ರ ಕಳಿಸಿದವರನ್ನೇ ನೇಮಿಸಿಕೊಳ್ಳಬೇಕೆನ್ನಲಿಲ್ಲ.

ಕಚೇರಿ ತಾನೇ ಬರೆದ ಲೆಕ್ಕವನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿ ಸಾಕ್ಷಿ. 2002ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಐದು ಉದ್ಯೋಗ ಕಚೇರಿಗಳ ಕಡತ ತೆರೆದಾಗ, ಕೆಲಸ ಕೊಡಿಸಿದ್ದೇವೆಂಬ ದಾಖಲೆಗಳಲ್ಲಿ ಶೇಕಡ 70ರಷ್ಟು ತಪ್ಪೆಂದು ಕಂಡುಬಂತು. ಸಂಸ್ಥೆಯ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು.

ಅಮೆರಿಕ ಇನ್ನೊಂದು ದಾರಿ ಹಿಡಿಯಿತು. 2014ರ ಕಾಯಿದೆಯಂತೆ ಪ್ರತಿಯೊಂದು ಉದ್ಯೋಗ ಕೇಂದ್ರವನ್ನೂ ಸ್ಥಳೀಯ ಮಂಡಳಿ ಮೂರು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಸೇವೆ ಫಲ ಕೊಟ್ಟಿತೇ? ಅಂಗವಿಕಲರು ಸಲೀಸಾಗಿ ಒಳಬಂದು ಸೇವೆ ಪಡೆಯಬಲ್ಲರೇ? ಲೋಪಗಳನ್ನು ತಿದ್ದಿಕೊಳ್ಳುವ ಏರ್ಪಾಡಿದೆಯೇ? ಇವು ಅಲ್ಲಿ ಕೇಳುವ ಪ್ರಶ್ನೆಗಳು. ಮಂಡಳಿಯೇ ಕೇಂದ್ರವನ್ನು ನಡೆಸುತ್ತಿದ್ದರೆ ಪರೀಕ್ಷೆ ರಾಜ್ಯ ಮಂಡಳಿಗೆ ಹೋಗುತ್ತದೆ. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವಂತಿಲ್ಲ. ಸೇವೆ ಪಡೆದು ಹೋದವರು ಎರಡನೆಯ ಮತ್ತು ನಾಲ್ಕನೆಯ ತ್ರೈಮಾಸಿಕದಲ್ಲಿ ಕೆಲಸದಲ್ಲಿದ್ದಾರೆಯೇ ಎಂಬ ಲೆಕ್ಕವನ್ನೂ ಇದೇ ಕಾಯಿದೆ ಕೇಳುತ್ತದೆ. ಕೊರತೆಯೂ ಇದೆ: ಮಾನದಂಡಗಳನ್ನು ಆಯಾ ರಾಜ್ಯವೇ ರೂಪಿಸುವುದರಿಂದ ಒಂದು ರಾಜ್ಯದ ಪ್ರಮಾಣಪತ್ರವನ್ನು ಇನ್ನೊಂದರ ಜೊತೆ ತೂಗುವುದು ಕಷ್ಟ.

ನಮ್ಮಲ್ಲಿ 2015ರಲ್ಲಿ ರಾಷ್ಟ್ರೀಯ ವೃತ್ತಿ ಸೇವೆ ಆರಂಭವಾಗಿ, ಮನೆಯಲ್ಲಿದ್ದೇ ಹೆಸರು ನೋಂದಾಯಿಸುವ ಅನುಕೂಲ ಬಂತು. ಆದರೆ ನೋಂದಣಿ ಸುಲಭವಾದ ಮಾತ್ರಕ್ಕೆ ಸೇವೆ ಸುಧಾರಿಸಿತೆಂದು ಹೇಳಲಾಗದು. ಬಸ್ಸಿನ ದುಡ್ಡು ಹೊಂದಿಸಿಕೊಂಡು ಹಳ್ಳಿಯಿಂದ ಬಂದ ಹುಡುಗಿಗೆ ಯಾವ ದಾರಿ ತೋರಿಸಿದಿರಿ, ಆರು ತಿಂಗಳ ಮೇಲೆ ಅವಳು ಎಲ್ಲಿದ್ದಾಳೆ ಎಂದು ಹೊರಗಿನವರೊಬ್ಬರು ಬಂದು ಕೇಳಬೇಕು. ಅದಕ್ಕೆ ಉತ್ತರ ಕೊಡಬಲ್ಲ ಕಚೇರಿಗೆ ಮಾತ್ರ ಪ್ರಮಾಣಪತ್ರ ಸಲ್ಲಬೇಕು.