ಬ್ರೇಕ್ ಲೈಟ್ ಹತ್ತುತ್ತಿಲ್ಲವೇ? ಮನೆಯಲ್ಲೇ ಹೀಗೆ ಪತ್ತೆ ಮಾಡಿ

ಬನಶಂಕರಿಯಿಂದ ಬಿಟಿಎಂ ಕಡೆ ಹೋಗುವಾಗ ಸಿಗ್ನಲ್‌ನಲ್ಲಿ ಡೆಲಿವರಿ ಹುಡುಗನೊಬ್ಬ ಕಿಟಕಿ ತಟ್ಟಿದ: "ಅಕ್ಕ, ನಿಮ್ ಬ್ರೇಕ್ ಲೈಟ್ ಬರ್ತಿಲ್ಲ. ಈಗಷ್ಟೇ ಗುದ್ದಿಬಿಡ್ತಿದ್ದೆ." ಎಷ್ಟು ದಿನದಿಂದ ಹೀಗಿತ್ತೋ, ನನಗೆ ಗೊತ್ತೇ ಇರಲಿಲ್ಲ. ಓಡಿಸುವವರಿಗೆ ಕಾಣದ ದೀಪ ಇದು. ಕೆಟ್ಟರೆ ಪೆಟ್ಟು ಬೀಳೋದು ಹಿಂದಿನ ಬೈಕಿನವರಿಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ರೇಕ್ ಲೈಟ್ ಕಡ್ಡಾಯ. ರಸ್ತೆಗುಂಡಿ ಬಗ್ಗೆ ಪಾಲಿಕೆಯನ್ನು ಪ್ರಶ್ನಿಸುವ ನಾವು (ಪ್ರಶ್ನಿಸಲೇಬೇಕು) ಇದನ್ನು ತಿಂಗಳಿಗೊಮ್ಮೆಯೂ ನೋಡಲ್ಲ.

ನೋಡೋಕೆ ಇನ್ನೊಬ್ಬರು ಬೇಕಿಲ್ಲ. ರಾತ್ರಿ ಕಾರಿನ ಹಿಂಬದಿಯನ್ನು ಗೋಡೆ ಕಡೆ ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಗೋಡೆ ಕೆಂಪಾಗುತ್ತಾ ಗಮನಿಸಿ. ಒಂದೇ ಬದಿ ಹತ್ತದಿದ್ದರೆ ಸಾಮಾನ್ಯವಾಗಿ ಬಲ್ಬ್ ಅಥವಾ ಹೋಲ್ಡರ್ ದೋಷ. ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ಫಿಲಮೆಂಟ್: ಟೈಲ್ ಲೈಟಿಗೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಟೈಲ್ ಲೈಟ್ ಉರಿಯುತ್ತಿದೆ ಅಂತ ಬಲ್ಬ್ ಸರಿಯಿದೆ ಅಂದ್ಕೊಬೇಡಿ.

ಎಲ್ಲವೂ ಹತ್ತದಿದ್ದರೆ ಮೊದಲು ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಿ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ದೊಡ್ಡ ಫ್ಯೂಸ್ ಹಾಕಿದರೆ ವೈರಿಗೇ ಬೆಂಕಿ ಹತ್ತಬಹುದು.

ಆಮೇಲೆ ಸ್ವಿಚ್. ಸಾಮಾನ್ಯವಾಗಿ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡಿನ ಕೆಳಗಿರುತ್ತೆ; ಟಾರ್ಚ್ ಹಿಡಿದು ಬಗ್ಗಬೇಕು. ಕಾಲು ತೆಗೆದಾಗ ಪೆಡಲ್ಲೇ ಅದರ ಗುಂಡಿಯನ್ನು ಅದುಮಿ ದೀಪ ಆರಿಸಿರುತ್ತೆ. ಕಾಲಿಟ್ಟರೆ ಗುಂಡಿ ಹೊರಬಂದು ಕರೆಂಟ್ ಹರಿಯುತ್ತೆ. ಕೆಲವು ಕಾರುಗಳಲ್ಲಿ ಗುಂಡಿ ಒತ್ತುವ ಜಾಗದಲ್ಲಿ ಸಣ್ಣ ರಬ್ಬರ್ ಇರುತ್ತೆ. ಅದು ಪುಡಿಯಾದರೆ ದೀಪ ಆರುವುದೇ ಇಲ್ಲ, ಬೆಳಗ್ಗೆ ಬ್ಯಾಟರಿ ಡೌನ್.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ, ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ. ಕಪ್ಪು ಮೊನೆ ಬಣ್ಣವಿಲ್ಲದ ಲೋಹಕ್ಕೆ, ಕೆಂಪು ಮೊನೆ ಸ್ವಿಚ್ಚಿನ ಕನೆಕ್ಟರ್ ಹಿಂಬದಿಗೆ. ಒಂದು ವೈರಿನಲ್ಲಿ ಸದಾ 12 ವೋಲ್ಟ್ ಆಸುಪಾಸು ಇರಬೇಕು. ಪೆಡಲ್ ಒತ್ತಿದಾಗ ಇನ್ನೊಂದರಲ್ಲೂ ಅಷ್ಟೇ ಬರಬೇಕು. ಬರದಿದ್ದರೆ ಸ್ವಿಚ್ ಹೋಗಿದೆ, ನನ್ನದು ಇದೇ ಆಗಿತ್ತು. ಬಂದರೆ ಬಲ್ಬ್ ಹೋಲ್ಡರಿನಲ್ಲಿ ಅಳೆಯಿರಿ: ಅಲ್ಲಿ 12 ಇದ್ದೂ ಒಳ್ಳೇ ಬಲ್ಬ್ ಹತ್ತದಿದ್ದರೆ ಅರ್ತ್ ಸರಿಯಿಲ್ಲ, ಅಲ್ಲಿಗೆ ಬಾರದಿದ್ದರೆ ನಡುವೆ ವೈರ್ ತುಂಡಾಗಿದೆ. ಡಿಕ್ಕಿ ಬಾಗಿಲ ಹತ್ತಿರ ಮಡಚಿ ಮಡಚಿ ತುಂಡಾಗೋದು ಜಾಸ್ತಿ.

ನಾಲ್ಕು ವೈರಿನ ಸ್ವಿಚ್ಚಲ್ಲಿ ಇನ್ನೊಂದು ಜೋಡಿ ಕಾರಿನ ಕಂಪ್ಯೂಟರಿಗೆ ಹೋಗಿ ಉಲ್ಟಾ ಕೆಲಸ ಮಾಡಬಹುದು. ಸರ್ವಿಸ್ ಮ್ಯಾನುಯಲ್ ನೋಡದೆ ತೀರ್ಮಾನಿಸಬೇಡಿ. ಹಳದಿ ಕನೆಕ್ಟರ್ ಕಂಡರೆ ಮುಟ್ಟಲೇಬೇಡಿ, ಅದು ಏರ್‌ಬ್ಯಾಗಿನದು.

ಹೊಸ ಸ್ವಿಚ್ಚಿಗೆ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡ್ಕೊಂಡು ಹೋಗಿ. ಹಾಕಿದ ಮೇಲೆ ಪೆಡಲ್ ಬಿಟ್ಟಾಗ ದೀಪ ಆರುತ್ತಾ ಅಂತ ಗೋಡೆ ಮುಂದೆ ಇನ್ನೊಮ್ಮೆ ನೋಡಿ.