ಅಕ್ಕಿಕಾಳಿನಷ್ಟು ಗುರುತು

ಅಕ್ಕನ ಮನೆಯ ಕರಿಯನಿಗೆ ವರ್ಷವರ್ಷವೂ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ್ದರು. ಸರ್ಟಿಫಿಕೇಟುಗಳದ್ದೇ ಒಂದು ಫೈಲು. ಆದರೆ ಜರ್ಮನಿಗೆ ಅವನನ್ನೂ ಕರೆದೊಯ್ಯುವ ಮಾತು ಬಂದಾಗ ಗೊತ್ತಾಯಿತು, ಅವು ಯಾವುವೂ ಲೆಕ್ಕಕ್ಕಿಲ್ಲ ಅಂತ. ಯುರೋಪಿನ ನಿಯಮ: ಮೊದಲು ಚಿಪ್, ಆಮೇಲೆ ಲಸಿಕೆ. ಇಲ್ಲದಿದ್ದರೆ ಆ ಚೀಟಿ ಇದೇ ನಾಯಿಯದ್ದು ಅಂತ ಹೇಗೆ ನಂಬುವುದು? ಚಿಪ್ ಹಾಕಿಸಿ ಮತ್ತೆ ಲಸಿಕೆ, ಮೂವತ್ತು ದಿನ ಬಿಟ್ಟು ರಕ್ತಪರೀಕ್ಷೆ, ಅಲ್ಲಿಂದ ಮೂರು ತಿಂಗಳು ಕಾಯಬೇಕು. ಅಕ್ಕ ಹೋದಳು, ಕರಿಯ ನಮ್ಮಲ್ಲಿ ಉಳಿದ. ಆ ನಾಲ್ಕು ತಿಂಗಳು ನಾನು ಈ ಚಿಪ್ಪಿನ ಇತಿಹಾಸ ಕೆದಕುತ್ತಾ ಕೂತೆ.

ಕಥೆ ಶುರುವಾಗುವುದು ಕಳ್ಳತನದಿಂದ ಅನ್ನಬಹುದು. 1965ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೆಪ್ಪರ್ ಎಂಬ ಡಾಲ್ಮೇಷಿಯನ್ ನಾಯಿ ಕಾಣೆಯಾಯಿತು. ಮನೆಯವರು ಹುಡುಕುತ್ತಲೇ ಇದ್ದರು. ಅದು ದಲ್ಲಾಳಿಗಳ ಕೈ ಸೇರಿ, ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಪ್ರಯೋಗಕ್ಕೆ ಬಲಿಯಾಗಿತ್ತು! ಈ ಗದ್ದಲದಿಂದಲೇ 1966ರಲ್ಲಿ ಪ್ರಯೋಗಾಲಯದ ಪ್ರಾಣಿಗಳ ಕಾನೂನು ಬಂತು. ಕೊರಳಪಟ್ಟಿಯನ್ನು ಯಾರು ಬೇಕಾದರೂ ಬಿಚ್ಚಬಹುದಲ್ಲ, ಹಾಗಾಗಿ ಕಿವಿಗೋ ತೊಡೆಗೋ ಹಚ್ಚೆ ಹಾಕಿಸುವವರಿದ್ದರು. ಹಚ್ಚೆ ಮಾಸುತ್ತದೆ, ಮೇಲೆ ಕೂದಲು ಬೆಳೆಯುತ್ತದೆ. ಗುರುತು ಸಿಗಬಾರದೆಂದು ರೇಸಿನ ಗ್ರೇಹೌಂಡುಗಳ ಕಿವಿಯನ್ನೇ ಕತ್ತರಿಸಿ ಬಿಟ್ಟ ಪಾಪಿಗಳೂ ಇದ್ದಾರೆ.

ಚಿಪ್ಪಿನ ಮೂಲ ಮಾತ್ರ ನಾಯಿಯಲ್ಲ, ದನ. ಅಣುಬಾಂಬ್ ಹುಟ್ಟಿದ ಲಾಸ್ ಅಲಾಮೋಸ್ ಪ್ರಯೋಗಾಲಯದವರೇ 1970ರ ದಶಕದಲ್ಲಿ, ಕೃಷಿ ಇಲಾಖೆ ಕೇಳಿತೆಂದು, ಹಸುವಿನ ಚರ್ಮದಡಿ ಇಡುವ ಬ್ಯಾಟರಿಯಿಲ್ಲದ ಗುರುತಿನ ಬಿಲ್ಲೆ ಮಾಡಿದರು. ನಮ್ಮ ಕರಿಯನ ಚಿಪ್ಪೂ ಅದೇ ತತ್ವದ್ದು. ಅಕ್ಕಿಕಾಳಿನ ಗಾತ್ರದ ಗಾಜಿನ ಕೊಳವೆ, ಒಳಗೊಂದು ತಂತಿಸುರುಳಿ. ಸ್ಕ್ಯಾನರ್ ಹತ್ತಿರ ತಂದರೆ ಅದರ ಅಲೆಯಿಂದಲೇ ಶಕ್ತಿ ಪಡೆದು 15 ಅಂಕಿ ಹೇಳುತ್ತದೆ, ಅಷ್ಟೆ. ನಾಯಿ ಎಲ್ಲಿದೆ ಅಂತ ಹೇಳುವುದಿಲ್ಲ. (ನಮ್ಮಮ್ಮ ಇನ್ನೂ ನಂಬಿಲ್ಲ.)

ಆ ಅಂಕಿ ಕೇಳಿಸಿಕೊಳ್ಳುವವರು ಬೇಕಲ್ಲ? ಎಡವಟ್ಟಾಗಿದ್ದೇ ಅಲ್ಲಿ. 1996ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಬಂತು, 134.2 ಕಿಲೋಹರ್ಟ್ಸ್. ಅಮೆರಿಕದಲ್ಲಿ ಮಾತ್ರ 125ರದ್ದೇ ಬಳಕೆ ಮುಂದುವರಿಯಿತು. 2004ರಲ್ಲಿ ವರ್ಜೀನಿಯಾದಲ್ಲಿ ಹ್ಯಾಡನ್ ಎಂಬ ನಾಯಿ ತಪ್ಪಿಸಿಕೊಂಡು ಆಶ್ರಯಧಾಮ ಸೇರಿತು. ಮೈಯಲ್ಲಿ ಚಿಪ್ ಇತ್ತು. ಅಲ್ಲಿನ ಸ್ಕ್ಯಾನರಿಗೆ ಅದು ಕೇಳಿಸಲಿಲ್ಲ. ಯಜಮಾನರಿಲ್ಲದ ನಾಯಿ ಅಂತ ಕೊಂದುಬಿಟ್ಟರು. ಇದನ್ನು ಓದಿದ ರಾತ್ರಿ ಕರಿಯ ನನ್ನ ಕಾಲಬಳಿಯೇ ಮಲಗಿದ್ದ...

ಯುರೋಪಿನಲ್ಲಿ ಚಿಪ್ಪನ್ನು ಗೆಲ್ಲಿಸಿದ್ದು ಗಡಿ. ಹೊರಗಿಂದ ಬಂದ ನಾಯಿಯನ್ನು ಆರು ತಿಂಗಳು ಪ್ರತ್ಯೇಕವಾಗಿಡುತ್ತಿದ್ದ ಬ್ರಿಟನ್, 2000ದ ಫೆಬ್ರವರಿ 28ರಿಂದ ಚಿಪ್ ಮತ್ತು ಲಸಿಕೆ ಇದ್ದರೆ ಕೆಲವು ದೇಶಗಳಿಂದ ನೇರವಾಗಿ ಬಿಡತೊಡಗಿತು. 2011ರ ಜುಲೈ 3ರ ನಂತರ ಹಾಕಿದ ಹಚ್ಚೆಯನ್ನು ಯುರೋಪ್ ಒಪ್ಪುವುದಿಲ್ಲ. 2016ರಲ್ಲಿ ಇಂಗ್ಲೆಂಡಿನ ನಾಯಿಗಳಿಗೂ 2024ರಲ್ಲಿ ಬೆಕ್ಕುಗಳಿಗೂ ಚಿಪ್ ಕಡ್ಡಾಯವಾಯಿತು.

ಕರಿಯ ಹೋಗಿ ಒಂದು ವರ್ಷವಾಯಿತು. ಅವನ ಅಂಕಿಯ ಎದುರು ದಾಖಲಾಗಿರುವುದು ಇವತ್ತಿಗೂ ನನ್ನ ಬೆಂಗಳೂರಿನ ಮೊಬೈಲ್ ನಂಬರ್. ಅವನು ಸ್ಟುಟ್‌ಗಾರ್ಟಿನಲ್ಲಿ ಕಳೆದುಹೋದರೆ ಫೋನು ಬರುವುದು ನನಗೆ! ಮೊನ್ನೆ ಮತ್ತೆ ಅಕ್ಕನಿಗೆ ನೆನಪಿಸಿದೆ. "ಈ ಭಾನುವಾರ ಬದಲಾಯಿಸ್ತೀನಿ ಕಣೋ" ಅಂದಳು. ಹೋದ ತಿಂಗಳೂ ಭಾನುವಾರ ಅಂತಲೇ ಅಂದಿದ್ದಳು.