ಮಾನ್ಯಖೇಟದ ಲೆಕ್ಕ, ಪರವಲಯದ ಶೃಂಗ

ಕಲಬುರಗಿಯ ರೋಜಾ ಬಡಾವಣೆಯಲ್ಲಿ ನಿಂತು ಖ್ವಾಜಾ ಬಂದೇನವಾಜರ ದರ್ಗಾದ ಗುಮ್ಮಟವನ್ನು ನೋಡುವವರಿಗೆ ಅದರ ತುದಿ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣೇ ಹೇಳುತ್ತದೆ. ಆದರೆ ವಕ್ರರೇಖೆಯೊಂದು ಕಣ್ಣಿಗೆ ಕಾಣದೆ, ಅದರ ಸಮೀಕರಣ ಮಾತ್ರ ಕೈಯಲ್ಲಿದ್ದರೆ ಅದರ ತುದಿಯನ್ನು ಅರಸುವುದು ಹೇಗೆ? ಎಸೆದ ಕಲ್ಲು ಹಿಡಿಯುವ ಹಾದಿಗೆ ಪರವಲಯವೆಂದು ಹೆಸರು. ಅದರ ತುದಿಯಾದ ಶೃಂಗವನ್ನು ಲೆಕ್ಕದಿಂದಲೇ ಕಾಣಬಹುದು. ಆ ಲೆಕ್ಕದ ಅರ್ಧ ಭಾಗ ಈ ಸೀಮೆಗೆ ಹಳೆಯ ಪಾಠ.

ಕಲಬುರಗಿಯಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನೆಂದೊಡನೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ದೊರೆಯನ್ನು ಸ್ತುತಿಸಿ, ಸುಮಾರು ಕ್ರಿ.ಶ. ೮೫೦ರಲ್ಲಿ ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಆನೆಗಳ ಹಿಂಡು, ದುಂಬಿಗಳ ಹಿಂಡು ಎಂದು ಮನೋಹರವಾದ ಸಮಸ್ಯೆಗಳನ್ನೊಡ್ಡಿ, ಅವನ್ನು ಬಿಡಿಸುವ ಕ್ರಮವನ್ನೂ ಆತ ಹೇಳುತ್ತಾನೆ: ಗುಣಕವನ್ನು ಅರ್ಧಿಸಬೇಕು, ಆ ಅರ್ಧದ ವರ್ಗವನ್ನು ಕೂಡಬೇಕು, ಬಳಿಕ ಮೂಲ ತೆಗೆಯಬೇಕು. ಈ ಮಾರ್ಗಕ್ಕೆ ಆತ ಮೊದಲಿಗನಲ್ಲ. ಬ್ರಹ್ಮಗುಪ್ತ ೬೨೮ರಲ್ಲಿಯೇ ವರ್ಗಸಮೀಕರಣದ ಸೂತ್ರವನ್ನು ಕೊಟ್ಟಿದ್ದ.

ಈ ‘ಅರ್ಧದ ವರ್ಗ’ವೇ ಶೃಂಗದ ಕೀಲಿಕೈ. ಒಂದು ಸಂಖ್ಯೆಯ ವರ್ಗದಿಂದ ಅದರ ೬ ಪಟ್ಟನ್ನು ಕಳೆದು ೧೧ ಕೂಡಿದರೆ ರೇಖೆಯ ಎತ್ತರ ದೊರೆಯುವುದೆಂದು ಇಟ್ಟುಕೊಳ್ಳೋಣ. ೬ರ ಅರ್ಧ ೩. ಅದರ ವರ್ಗ ೯. ೧೧ನ್ನು ೯ ಮತ್ತು ೨ ಎಂದು ಒಡೆದರೆ, ಎತ್ತರವೆಂಬುದು ‘ಸಂಖ್ಯೆಯಿಂದ ೩ನ್ನು ಕಳೆದು ವರ್ಗಿಸಿ, ೨ ಕೂಡಿದ್ದು’ ಎಂದಾಗುತ್ತದೆ. ವರ್ಗವು ಸೊನ್ನೆಗಿಂತ ಕಿರಿದಾಗದು. ಆದ್ದರಿಂದ ಸಂಖ್ಯೆ ೩ ಆದಾಗ ಎತ್ತರ ೨. ರೇಖೆ ಅದಕ್ಕಿಂತ ಕೆಳಗಿಳಿಯದು. ಬಟ್ಟಲಿನಂತೆ ಮೇಲ್ಮುಖವಾದ ಈ ಪರವಲಯಕ್ಕೆ ಆ ತಳವೇ ಶೃಂಗ.

ಈ ರೇಖೆ ನೆಲವನ್ನು ಮುಟ್ಟಬೇಕಾದರೆ ಆ ವರ್ಗವು ಋಣ ೨ ಆಗಬೇಕು. ಋಣರಾಶಿಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರ ಸ್ಪಷ್ಟವಾಗಿ ಹೇಳಿದ್ದಾನೆ. ನೆಲ ಮುಟ್ಟದ ಪರವಲಯ ಆ ಮಾತಿಗೆ ಬರೆದ ಚಿತ್ರದಂತಿದೆ.

ಆದರೆ ಆ ಚಿತ್ರವನ್ನು ಬರೆದವನು ಮಹಾವೀರನಲ್ಲ. ಶಂಕುವನ್ನು ಕತ್ತರಿಸಿ ಈ ರೇಖೆಯ ಗುಣಗಳನ್ನು ವಿವರಿಸಿದವನು ಅವನಿಗಿಂತ ಸಾವಿರ ವರ್ಷಗಳ ಹಿಂದಿನ ಗ್ರೀಕ್ ಪಂಡಿತ ಅಪೊಲೋನಿಯಸ್. ಗ್ರೀಕರಲ್ಲಿ ರೇಖೆಯಿತ್ತು, ನಮ್ಮಲ್ಲಿ ಲೆಕ್ಕವಿತ್ತು. ೧೬೩೭ರಲ್ಲಿ ಪ್ರಕಟವಾದ ದೇಕಾರ್ತನ ‘ಜ್ಯಾಮಿತಿ’ ಸಮೀಕರಣವನ್ನೂ ರೇಖೆಯನ್ನೂ ಬೆಸೆಯಿತು.

ಪರವಲಯದ ಶೃಂಗವನ್ನು ಮಾನ್ಯಖೇಟದಲ್ಲಿಯೇ ಕಂಡಿದ್ದರೆಂದು ಹೇಳಿದರೆ ಕೇಳಲು ಹಿತವಾದೀತು, ಇತಿಹಾಸವಾಗದು. ಕೀಲಿಕೈ ಇಲ್ಲಿತ್ತು, ಬಾಗಿಲು ಬೇರೆಡೆ ಇತ್ತು ಎಂದರೆ ಮಹಾವೀರನ ಘನತೆಗೆ ಕುಂದಿಲ್ಲ. ಋಣರಾಶಿಗೆ ಮೂಲವಿಲ್ಲವೆಂದು ಸ್ಪಷ್ಟವಾಗಿ ಬರೆದಿಟ್ಟವನನ್ನು, ಇಲ್ಲದ ಕೀರ್ತಿಯನ್ನು ಹೊರಿಸಿ ಗೌರವಿಸಬೇಕಾಗಿಲ್ಲ.